ಮುಚ್ಚಳದೊಳಗಿನ ಗೆರೆ

ನಮ್ಮ ಮನೆಯಲ್ಲಿ ಹೊಟ್ಟೆಗೆ ಬರುವ ನೋವಿಗೆಲ್ಲ ಒಂದೇ ಹೆಸರು. ಗ್ಯಾಸ್. ಊಟ ಹೆಚ್ಚಾದರೂ ಗ್ಯಾಸ್, ಊಟ ತಡವಾದರೂ ಗ್ಯಾಸ್, ಅವರೆಕಾಳಿನ ದಿನಗಳಲ್ಲಂತೂ ಕೇಳುವುದೇ ಬೇಡ. ಅಪ್ಪನಿಗೆ ಬಲಗಡೆ ಪಕ್ಕೆಯ ಕೆಳಗೆ ನೋವು ಶುರುವಾದಾಗಲೂ ಅದೇ ಹೆಸರಿಟ್ಟೆವು. ಅವ್ವ ಜೀರಿಗೆ ಕಷಾಯ ಕಾಸಿಕೊಟ್ಟಳು. ಅಪ್ಪ ಚನ್ನಪಟ್ಟಣದ ಬಸ್ ಸ್ಟ್ಯಾಂಡಿನ ಹತ್ತಿರ ನಿಂಬೆ ಸೋಡಾ ಕುಡಿದು, ಎರಡು ಸಲ ತೇಗಿ, ವಾಪಸ್ ಬಂದು ಮರ ತಿರುಗಿಸುವ ಲೇತ್ ಮುಂದೆ ಕೂತ. ಹೀಗೇ ಎರಡು ವರ್ಷ ಕಳೆಯಿತು. ನಾನು ರಾಮನಗರದ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವಳು. ಅನಿಲಗಳ ಪಾಠವನ್ನು ವರ್ಷಕ್ಕೆ ನಾಲ್ಕು ಸೆಕ್ಷನ್ನಿಗೆ ಗಂಟಲು ಹರಿಯುವಂತೆ ಮಾಡುತ್ತೇನೆ. ಅಂಥ ನಾನೂ ಎರಡು ವರ್ಷ 'ಗ್ಯಾಸ್ ಇರಬೇಕು ಬಿಡು' ಅಂದುಕೊಂಡೇ ಇದ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಅಪ್ಪ ಮರದ ಆಟಿಕೆ ಕೆಲಸದವನು. ಆದರೆ ಅವನಿಗೆ ಹೆಸರು ಬಂದದ್ದು ಬೊಂಬೆಗಳಿಂದಲ್ಲ, ಕುಂಕುಮದ ಡಬ್ಬಿಗಳಿಂದ. ಆಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ತಿರುಗುತ್ತಿರುವಾಗಲೇ ಉಳಿ ಕೊಟ್ಟು ಒಳಗೆ ಕೊರೆದು, ಮುಚ್ಚಳ ತಿದ್ದಿ, ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾನೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೊನೆಗೆ ಕೇದಗೆ ಗರಿಯಲ್ಲಿ ತಿಕ್ಕಿದರೆ ಮುಖ ನೋಡಿಕೊಳ್ಳುವಷ್ಟು ಹೊಳಪು. ಇಷ್ಟನ್ನು ನಮ್ಮ ಬೀದಿಯಲ್ಲಿ ಎಲ್ಲರೂ ಮಾಡುತ್ತಾರೆ. ಅಪ್ಪ ಇದರ ಮೇಲೆ ಇನ್ನೊಂದು ಕೆಲಸ ಮಾಡುತ್ತಾನೆ, ಅದು ಕೊಂಡವರ ಕಣ್ಣಿಗೆ ಬೀಳುವುದಿಲ್ಲ.

ಮುಚ್ಚಳ ಬಿಗಿಯಾಗಿ ಕೂತಷ್ಟೂ ಡಬ್ಬಿ ಚೆಂದ. ಆದರೆ ಬಿಗಿಯಾದ ಮುಚ್ಚಳದ ಕೆಳಗೆ ಸಿಕ್ಕಿಕೊಂಡ ಗಾಳಿಗೆ ಹೋಗಲು ದಾರಿ ಇರುವುದಿಲ್ಲ. ಒತ್ತಿದರೆ ಮುಚ್ಚಳ ಕೆಳಗಿಳಿದ ಹಾಗೆ ಮಾಡಿ ಮೆಲ್ಲನೆ ಮತ್ತೆ ಮೇಲೇಳುತ್ತದೆ. ತೆಗೆಯಲು ಹೋದರೆ ಕಚ್ಚಿಕೊಳ್ಳುತ್ತದೆ. ಸಿಟ್ಟು ಬಂದು ಎಳೆದರೆ ಪಟ್ಟನೆ ಕಿತ್ತು ಬಂದು ಕುಂಕುಮವೆಲ್ಲ ಸೀರೆಯ ಮೇಲೆ. ಅದಕ್ಕೇ ಅಪ್ಪ ಮುಚ್ಚಳದ ಒಳ ಅಂಚಿನಲ್ಲಿ ಉಳಿಯ ಮೂಲೆಯಿಂದ ಕೂದಲೆಳೆಯಷ್ಟು ಸಣ್ಣ ಗೆರೆಯೊಂದನ್ನು ಮೇಲಿನಿಂದ ಕೆಳಕ್ಕೆ ಎಳೆಯುತ್ತಾನೆ. ಆ ಗೆರೆಯಲ್ಲಿ ಗಾಳಿ ಹೋಗುತ್ತದೆ, ಬರುತ್ತದೆ. ಮುಚ್ಚಳ ಬಿಗಿಯಾಗಿಯೂ ಇರುತ್ತದೆ, ಹೇಳಿದ ಮಾತೂ ಕೇಳುತ್ತದೆ. "ಗೆರೆ ಇಲ್ದಿದ್ರೆ ಹೆಣ್ಮಕ್ಳು ಬೈಕೋತಾರೆ ಕಣವ್ವ," ಎನ್ನುತ್ತಾನೆ. ಬೇರೆಯವರು ಹೀಗೆ ಮಾಡುತ್ತಾರೋ ಇಲ್ಲವೋ ನನಗೆ ತಿಳಿಯದು. ಅಪ್ಪನ ಕೈ ಮಾತ್ರ ಒಂದರೊಳಗೊಂದು ಕೂರುವ ಎರಡು ಮರದ ತುಂಡು ಕಂಡರೆ ಸಾಕು, ತಾನಾಗಿಯೇ ಗೆರೆ ಎಳೆದುಬಿಡುತ್ತದೆ.

ಎರಡು ವರ್ಷದ ಗ್ಯಾಸಿನ ಬಣ್ಣ ಬಯಲಾದದ್ದು ಕೂಟಗಲ್ ಕಡೆ ನೆಂಟರ ಮನೆಯ ಬೀಗರೂಟದಲ್ಲಿ. ಅಪ್ಪ ಎರಡು ಮುದ್ದೆ ಮುರಿದು, ಬೋಟಿ ಗೊಜ್ಜು ಎರಡು ಸಲ ಹಾಕಿಸಿಕೊಂಡು, ಎಲೆ ಅಡಿಕೆ ಬಾಯಿಗಿಟ್ಟವನು ಆಟೋ ಹತ್ತುವಷ್ಟರಲ್ಲಿ ಮುದುರಿಕೊಂಡ. ಮೈಯೆಲ್ಲ ಬೆವರು. ಮನೆಗೆ ಹೋಗದೆ ನೇರ ರಾಮನಗರದ ಆಸ್ಪತ್ರೆಗೆ ಹೋದೆವು. ಸ್ಕ್ಯಾನಿಂಗ್ ಮಾಡಿದವರು ಪಿತ್ತಕೋಶದಲ್ಲಿ ಕಲ್ಲುಗಳಿವೆ, ಒಂದಲ್ಲ, ಹಲವು ಎಂದರು. ಇಂಜೆಕ್ಷನ್ನಿಗೆ ನೋವು ಇಳಿಯಿತು. ಆದರೆ ಪಿತ್ತಕೋಶ ತೆಗೆಯಲೇಬೇಕು, ಇನ್ನೊಂದು ಸಲ ಕಲ್ಲು ಜಾರಿ ನಾಳಕ್ಕೆ ಸಿಕ್ಕಿಕೊಂಡರೆ ಜೀವಕ್ಕೇ ತೊಂದರೆ ಎಂದು ಸರ್ಜನ್ ಬಿಡಿಸಿ ಹೇಳಿದರು. ಹೊಟ್ಟೆ ಕೊಯ್ಯುವುದಿಲ್ಲ, ಸಣ್ಣ ತೂತು ಮಾಡಿ, ಒಳಗೆ ಗ್ಯಾಸ್ ತುಂಬಿ ಹೊಟ್ಟೆಯನ್ನು ಉಬ್ಬಿಸಿ, ಜಾಗ ಮಾಡಿಕೊಂಡು, ಕ್ಯಾಮೆರಾದಲ್ಲಿ ನೋಡುತ್ತ ತೆಗೆಯುತ್ತೇವೆ ಎಂದರು.

ಅಪ್ಪ ನನ್ನ ಮುಖ ನೋಡಿದ. "ಗ್ಯಾಸು ಅಂತ ಬಂದ್ರೆ ಇವ್ರು ಇನ್ನೊಸಿ ತುಂಬ್ತಾರಂತಲ್ಲವ್ವ."

ನಗು ಬಂತು, ಆದರೆ ಹೆಚ್ಚು ಹೊತ್ತು ಉಳಿಯಲಿಲ್ಲ. ಅರಿವಳಿಕೆ ಕೊಡುವ ಡಾಕ್ಟರಮ್ಮ ಬಂದು ಅಪ್ಪನ ಬೆನ್ನಿನ ಮೇಲೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಏನು ಕೆಲಸ ಎಂದು ವಿಚಾರಿಸಿದರು. ಮರದ ಧೂಳು, ಅರಗಿನ ಹೊಗೆ, ಐವತ್ತು ವರ್ಷ ಎಂದೆ. ಅವರು ತಾಳ್ಮೆಯಿಂದ ವಿವರಿಸಿದರು. ಹೊಟ್ಟೆಗೆ ತುಂಬಿದ ಗ್ಯಾಸ್ ಕೆಳಗಿನಿಂದ ಎದೆಯನ್ನು ಒತ್ತುತ್ತದೆ, ಶ್ವಾಸಕೋಶಕ್ಕೆ ಜಾಗ ಕಡಿಮೆಯಾಗುತ್ತದೆ, ಇವರಿಗೆ ಈಗಲೇ ಉಸಿರು ಸಾಲದು. ಆಮೇಲೆ ಉಸಿರಿನ ವ್ಯಾಯಾಮಕ್ಕೆಂದು ಒಂದು ಪ್ಲಾಸ್ಟಿಕ್ ಡಬ್ಬ ತೋರಿಸಿದರು. ಮೂರು ಕೊಳವೆಗಳಲ್ಲಿ ಮೂರು ಗೋಲಿ, ಬಾಯಿಗಿಟ್ಟುಕೊಳ್ಳಲು ಒಂದು ಪೈಪು. "ಹದಿನೈದು ದಿನ ಟೈಮ್ ಇದೆ. ಎರಡನೇ ಗೋಲಿ ಎದ್ದು ಮೇಲೆ ನಿಲ್ಲಬೇಕು. ನಿಂತರೆ ಆಪರೇಷನ್. ಇಲ್ಲದಿದ್ದರೆ ನಾನು ಒಪ್ಪಲ್ಲ," ಎಂದರು. ನರ್ಸ್ ಅದನ್ನು ಕವರಿಗೆ ಹಾಕಿ ಕೊಡುತ್ತ ದಿನಕ್ಕೆ ಹತ್ತು ಹತ್ತು ಸಲದಂತೆ ನಾಲ್ಕು ಹೊತ್ತು ಮಾಡಿಸಿ ಎಂದಳು.

ಮನೆಗೆ ಬರುವ ದಾರಿಯುದ್ದಕ್ಕೂ ಅಪ್ಪ ಆ ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡಿದ. "ಗೋಲಿ ಪ್ಲಾಸ್ಟಿಕ್ಕು. ಬಣ್ಣ ಸುಮಾರು. ನಾಕ್ ದಿನಕ್ಕೆ ಬಿಳಿಚ್ಕತದೆ," ಎಂದು ತೀರ್ಪು ಕೊಟ್ಟ. ಮನೆ ಹತ್ತಿರ ಬಂದಾಗ ದನಿ ಇಳಿಸಿ ಇನ್ನೊಂದು ಮಾತು ಹೇಳಿದ. "ಇದು ಏಳ್ನಿಲ್ಲ ಅಂದ್ರೆ ಬುಟ್ಬುಡವ್ವ. ಬ್ಯಾಡ ಅಂತ ದೇವ್ರೇ ಹೇಳ್ದಂಗೆ ಅನ್ಕತೀನಿ." ಅವನಿಗೆ ಆಪರೇಷನ್ ಎಂದರೆ ಭಯವಿತ್ತು. ಗೋಲಿ ಏಳದಿದ್ದರೆ ಭಯಪಡುವ ಕೆಲಸವೂ ತಪ್ಪುತ್ತದೆ ಎಂಬ ಲೆಕ್ಕಾಚಾರ ಇದ್ದಂತೆ ನನಗೆ ಕಂಡಿತು. ನನಗೆ ಭಯವಾದದ್ದು ಆ ಲೆಕ್ಕಾಚಾರ ಕಂಡೇ.

ಆಗ ಪರೀಕ್ಷೆ ಮುಗಿದು ಮೌಲ್ಯಮಾಪನ ನಡೆಯುತ್ತಿತ್ತು. ಬೆಳಗ್ಗೆ ಹೊರಟರೆ ಸಂಜೆಯವರೆಗೆ ಉತ್ತರಪತ್ರಿಕೆಗಳ ಕಟ್ಟಿನ ಮುಂದೆ. ನನ್ನ ಮನೆ ಅಪ್ಪನ ಮನೆಗೆ ಎರಡು ಬೀದಿ ಆಚೆ. ಹೋಗುವಾಗ ಬರುವಾಗ ಬಾಗಿಲಲ್ಲೇ ನಿಂತು ಕೇಳುತ್ತಿದ್ದೆ. "ಮಾಡ್ದಾ ಅಪ್ಪ?" "ಮಾಡ್ತಾವ್ನಿ." ಅಷ್ಟಕ್ಕೆ ನಾನು ತೃಪ್ತಳಾಗಿ ಹೊರಡುತ್ತಿದ್ದೆ. ನಾಲ್ಕು ದಿನ ಹೀಗೆ ಹೋಯಿತು. ಐದನೆಯ ಸಂಜೆ ಚಾಚಾ ದಾರಿಯಲ್ಲೇ ನನ್ನನ್ನು ತಡೆದರು. ಚಾಚಾ ಎಂದರೆ ಅಪ್ಪನ ಪಕ್ಕದ ಲೇತಿನವರು, ಇಬ್ಬರೂ ಒಬ್ಬರೇ ಉಸ್ತಾದರ ಹತ್ತಿರ ಕೆಲಸ ಕಲಿತವರು.

"ಬೇಟಿ, ನಿಮ್ ಅಪ್ಪ ಊದಿ ಊದಿ ಮುಖ ಕೆಂಪ್ ಮಾಡ್ಕಂತವ್ನೆ. ಗೋಲಿ ಮಾತ್ರ ಇದ್ದಲ್ಲಿಂದ ಅಲ್ಲಾಡಾಕಿಲ್ಲ. ಮಿಷನ್ ಖರಾಬ್ ಐತೇನೋ ನೋಡು."

ಒಳಗೆ ಹೋಗಿ ನೋಡಿದೆ. ಅಪ್ಪ ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಪೈಪನ್ನು ತುಟಿಗಿಟ್ಟು, ಲೇತಿನ ಮೇಲಿನ ಹುಡಿ ಹಾರಿಸುವ ಹಾಗೆ ಉಫ್ ಎಂದು ಊದುತ್ತಿದ್ದ. ಆ ಡಬ್ಬದಲ್ಲಿ ಉಸಿರನ್ನು ಒಳಗೆ ಎಳೆದುಕೊಂಡರೆ ಮಾತ್ರ ಗೋಲಿ ಏಳುತ್ತದೆ. ಊದಿದರೆ ಏನೂ ಆಗದು. ನಾಲ್ಕು ದಿನ, ದಿನಕ್ಕೆ ನಲವತ್ತು ಸಲ, ಆ ಮುದುಕ ಏನೂ ಆಗದ ಕೆಲಸವನ್ನು ಶ್ರದ್ಧೆಯಿಂದ ಮಾಡಿದ್ದ.

"ಊದೋದಲ್ಲಪ್ಪ! ಎಳ್ಕೋಬೇಕು!"

"ಎಳ್ಕೊಳ್ಳೋದಾ?" ಅಪ್ಪನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಅದ್ಯಾಕೆ?"

ಯಾಕೆ ಎಂದು ಕೇಳಿದ್ದು ಸರಿಯೇ ಇತ್ತು. ಲೇತಿನ ಮುಂದೆ ಕೂತವನು ಉಳಿ ಮರಕ್ಕೆ ತಾಗುವಾಗ ಉಸಿರು ಹಿಡಿಯುತ್ತಾನೆ. ಎದೆ ಅಲ್ಲಾಡಿದರೆ ಕೈ ಅಲ್ಲಾಡುತ್ತದೆ, ಕೈ ಅಲ್ಲಾಡಿದರೆ ಡಬ್ಬಿ ಹಾಳು. ಉಳಿ ಎತ್ತಿದ ಮೇಲೆ ಹುಡಿಯನ್ನು ಊದುತ್ತಾನೆ. ಒಳಗೆ ಎಳೆದುಕೊಳ್ಳುವುದು ಕದ್ದುಮುಚ್ಚಿ, ಮುಖ ಆಚೆ ತಿರುಗಿಸಿ, ಮೂಗಿನ ತುದಿಯಿಂದ. ಐವತ್ತು ವರ್ಷ ಹೀಗೆ ಉಸಿರಾಡಿದ ಎದೆಗೆ ಬಾಯಿಗೆ ಪೈಪಿಟ್ಟು ಜೋರಾಗಿ ಎಳೆ ಎಂದರೆ ಅದು ಒಪ್ಪಲಿಲ್ಲ. ಅಪ್ಪ ಎಳೆಯಲು ನೋಡಿದ. ಮೊದಲನೇ ಗೋಲಿ ಚಂಗನೆ ನೆಗೆದು ಟಪ್ ಎಂದು ಬಿತ್ತು. ಕೆಮ್ಮು ಬಂತು. ಕೆಮ್ಮಿದರೆ ಪಕ್ಕೆ ನೋವು. ಮತ್ತೆ ಎಳೆದ, ಮತ್ತೆ ಕೆಮ್ಮು. ಮೂರನೇ ಸಲಕ್ಕೆ ಅವನಿಗೆ ಗೊತ್ತಿಲ್ಲದೆಯೇ ಮತ್ತೆ ಊದಿದ.

ನನಗೆ ತಾಳ್ಮೆ ಕಡಿಮೆ. ಕ್ಲಾಸಿನಲ್ಲಿ ಅದನ್ನು ಸೀರೆಯ ಸೆರಗಿನಂತೆ ಸರಿಪಡಿಸಿಕೊಂಡು ನಿಲ್ಲುತ್ತೇನೆ, ಮನೆಯಲ್ಲಿ ಜಾರುತ್ತದೆ. ಸಂಬಳ ತೆಗೆದುಕೊಂಡು ಊರ ಮಕ್ಕಳಿಗೆಲ್ಲ ಪಾಠ ಹೇಳುವವಳಿಗೆ ಇದೊಂದು ಹೇಳಿಕೊಡಲು ಆಗುತ್ತಿಲ್ಲವಲ್ಲ ಎಂಬ ಸಿಟ್ಟು ಅಪ್ಪನ ಮೇಲೆ ತಿರುಗಿತು. 'ನಿಂಗೆ ಗೊತ್ತಾಗಲ್ಲ ಬುಡಪ್ಪ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಂದದ್ದು ಅಲ್ಲೇ ನಿಂತಿತು. ಏಕೆಂದರೆ ಆ ಮಾತನ್ನು ನಾನು ಮೊದಲೊಮ್ಮೆ ಆಡಿದ್ದೆ, ಅದೇ ಜಗಲಿಯ ಮೇಲೆ.

ಅದು ಆರು ವರ್ಷದ ಹಿಂದಿನ ಕತೆ. ಮುಚ್ಚಿದ ಗಾಳಿಯ ಜಾಗವನ್ನು ಅರ್ಧ ಮಾಡಿದರೆ ಅದರ ಒತ್ತಡ ಎರಡರಷ್ಟಾಗುತ್ತದೆ, ಬಿಸಿಯೂ ಮಾಡದೆ ತಣ್ಣಗೂ ಮಾಡದೆ ಹಾಗೇ ಇಟ್ಟಿದ್ದರೆ. ಜಾಗ ಎರಡರಷ್ಟು ಮಾಡಿದರೆ ಒತ್ತಡ ಅರ್ಧ. ಈ ನಿಯಮಕ್ಕೆ ಯಾವುದೋ ದೇಶದ ಪುಣ್ಯಾತ್ಮನ ಹೆಸರಿದೆ, ಮಕ್ಕಳು ಹೆಸರು ಬಾಯಿಪಾಠ ಮಾಡಿ ನಿಯಮ ಮರೆಯುತ್ತಾರೆ. ಸಿರಿಂಜ್ ಹಿಡಿದು ತೋರಿಸಿದರೆ ಹಿಂದಿನ ಬೆಂಚಿಗೆ ಕಾಣುವುದಿಲ್ಲ. ದೊಡ್ಡದೊಂದು ಮರದಲ್ಲೇ ಮಾಡಿಸೋಣ ಎನಿಸಿತು. ಮನೆಯಲ್ಲೇ ಕೆಲಸಗಾರ ಇದ್ದಾನಲ್ಲ. ಒಂದು ಚೀಟಿಯಲ್ಲಿ ಅಳತೆ ಬರೆದುಕೊಟ್ಟೆ. ಕೊಳವೆ ಒಂದಡಿ ಉದ್ದ, ಒಳಗೆ ಒಂದಿಂಚು ಅಗಲದ ಕೊರೆತ, ತಳ ಮುಚ್ಚಿರಬೇಕು. ಒಳಗೆ ಬಿಗಿಯಾಗಿ ಜಾರುವ ದಿಂಡು, ಅದಕ್ಕೊಂದು ಹಿಡಿ. ಯಾತಕ್ಕೆ ಎಂದು ಅಪ್ಪ ಕೇಳಿದ. "ಕಾಲೇಜಿಗೆ" ಎಂದಷ್ಟೇ ಹೇಳಿ ಬಸ್ಸಿಗೆ ಓಡಿದೆ.

ಒಂದು ವಾರದಲ್ಲಿ ಮಾಡಿಕೊಟ್ಟ. ಎಂಥ ಕೆಲಸ! ಕೊಳವೆ ಅರಿಶಿನದ ಬಣ್ಣ, ಹಿಡಿಗೆ ಹಸಿರು ಗುಂಡು, ದಿಂಡಿನ ಕಡ್ಡಿಯ ಮೇಲೆ ಒಂದೊಂದು ಇಂಚಿಗೂ ಒಂದೊಂದು ಕೆಂಪು ಬಳೆ. ಕಾಲೇಜಿನಲ್ಲಿ ಅದನ್ನು ಕಂಡವರೆಲ್ಲ ಕೈಯಲ್ಲಿ ಹಿಡಿದು ನೋಡಿದರು. ಪ್ರಿನ್ಸಿಪಾಲರನ್ನೂ ಕ್ಲಾಸಿಗೆ ಕರೆದೆ. ಎಲ್ಲರ ಮುಂದೆ ಎತ್ತಿ ಹಿಡಿದು, "ಈಗ ಒತ್ತುತ್ತೇನೆ. ಅರ್ಧಕ್ಕೆ ಬರುವಷ್ಟರಲ್ಲಿ ಒಳಗಿನ ಗಾಳಿ ತಿರುಗಿಬೀಳುತ್ತದೆ. ಕೈ ಬಿಟ್ಟರೆ ದಿಂಡು ತಾನೇ ಮೇಲೆ ಬರುತ್ತದೆ," ಎಂದು ಹೇಳಿ ಒತ್ತಿದೆ. ಸುಸ್ ಎಂದು ಮೆತ್ತಗೆ ಸದ್ದು ಮಾಡುತ್ತ ದಿಂಡು ತಳದವರೆಗೂ ಇಳಿದು, ಅಲ್ಲೇ ಆರಾಮಾಗಿ ಕೂತುಬಿಟ್ಟಿತು. ಕೈ ಬಿಟ್ಟೆ. ಮೇಲೆ ಬರಲಿಲ್ಲ. "ಮೇಡಂ, ಗ್ಯಾಸ್ ಲೀಕು" ಎಂದು ಹಿಂದಿನ ಬೆಂಚಿನಿಂದ ಯಾರೋ ಅಂದರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಪ್ರಿನ್ಸಿಪಾಲರೂ ನಕ್ಕರು.

ಸ್ಟಾಫ್ ರೂಮಿಗೆ ಹೋಗಿ ದಿಂಡನ್ನು ಹೊರಗೆಳೆದು ನೋಡಿದರೆ ಅದರ ಪಕ್ಕದಲ್ಲಿ ಮೇಲಿನಿಂದ ಕೆಳಕ್ಕೆ ಕೂದಲೆಳೆಯಷ್ಟು ಸಣ್ಣ ಗೆರೆ.

ಅವತ್ತು ಸಂಜೆ ಜಗಲಿಯ ಮೇಲೆ ನಿಂತು ನಾನು ಆಡಿದ್ದು ಹೆಚ್ಚು ಮಾತಲ್ಲ. "ಯಾರು ನಿಂಗೆ ಗೆರೆ ಎಳಿ ಅಂದ್ರು? ಮಕ್ಳ ಮುಂದೆ ಮಾನ ಹೋಯ್ತು. ನಿಂಗೆ ಇವೆಲ್ಲ ಗೊತ್ತಾಗಲ್ಲ ಬುಡಪ್ಪ." ಅಪ್ಪ ಹೆಗಲ ಮೇಲಿನ ಟವಲಿನಿಂದ ಕೊಳವೆಯನ್ನು ಒರೆಸಿ, ದಿಂಡನ್ನು ಅದರೊಳಗೆ ಕೂರಿಸಿ, ಏಣಿ ಹತ್ತಿ ಅಟ್ಟದ ಮೇಲಿಟ್ಟ. ಅಲ್ಲಿಯವರೆಗೆ ದಿನವೂ "ಇವತ್ತೇನ್ ಪಾಠ ಮಾಡ್ದೆ?" ಎಂದು ಕೇಳುತ್ತಿದ್ದವನು ಆಮೇಲೆ ಕೇಳುವುದನ್ನು ಬಿಟ್ಟ. ಅವನು ಬಿಟ್ಟದ್ದನ್ನು ನಾನು ಕಂಡೂ ಕಾಣದವಳಂತೆ ಇದ್ದೆ. ತಪ್ಪಾಯಿತು ಎಂದು ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ. ಅಪ್ಪನ ಹತ್ತಿರ ಕ್ಷಮೆ ಕೇಳುವ ರೂಢಿ ನಮ್ಮಲ್ಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಈಗ ಗೋಲಿಯ ಡಬ್ಬವನ್ನು ಪಕ್ಕಕ್ಕಿಟ್ಟು ಅಟ್ಟ ಹತ್ತಿದೆ. ಅವ್ವನ ಹಳೇ ಒರಳುಕಲ್ಲಿನ ಗುಂಡು, ಹರಿದ ಕೊಡೆ, ಇವುಗಳ ಹಿಂದೆ ಕೊಳವೆ ಸಿಕ್ಕಿತು. ಧೂಳು ಒರೆಸಿದರೆ ಬಣ್ಣ ಹೊಸದರಂತೆಯೇ ಇತ್ತು. ಅಪ್ಪನ ಮುಂದೆ ಇಟ್ಟೆ. ಅವನು ಅದನ್ನು ನೋಡಿದ, ನನ್ನನ್ನು ನೋಡಲಿಲ್ಲ. ದಿಂಡನ್ನು ಹೊರಗೆಳೆದು ಗೆರೆಯ ಮೇಲೆ ಹೆಬ್ಬೆರಳು ಆಡಿಸಿದ.

"ಗೆರೆ ಚೆನ್ನಾಗೇ ಬಂದದೆ," ಎಂದ.

"ಅಪ್ಪ, ಇದ್ರಲ್ಲಿ ಗಾಳಿ ಆಚೆ ಹೋಗ್ಬಾರ್ದಿತ್ತು. ಒಳಗೇ ಸಿಕ್ಕಂಡಿರ್ಬೇಕಿತ್ತು. ಸಿಕ್ಕಂಡ ಗಾಳಿ ಏನ್ ಮಾಡ್ತದೆ ಅಂತ ಮಕ್ಳಿಗೆ ತೋರ್ಸೋಕೆ ಅಂತ ಮಾಡ್ಸಿದ್ದು."

ಅಪ್ಪ ದಿಂಡನ್ನು ತೊಡೆಯ ಮೇಲಿಟ್ಟುಕೊಂಡ. "ಹಂಗಂತ ಹೇಳ್ಬೇಕಲ್ವಾ?" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಆರು ವರ್ಷದಲ್ಲಿ ಸಾವಿರ ಮಕ್ಕಳಿಗೆ ಹೇಳಿದ ಪಾಠವನ್ನು ಅದರ ಸಾಮಾನು ಮಾಡಿಕೊಟ್ಟವನಿಗೇ ಹೇಳಿರಲಿಲ್ಲ ನಾನು.

ಅಪ್ಪ ಎದ್ದು ಲೇತಿನ ಹತ್ತಿರ ಹೋದ. ಚಾಚಾ ತಮ್ಮ ಕೆಲಸ ನಿಲ್ಲಿಸಿ ಬಂದು ನಿಂತರು. ದಿಂಡನ್ನು ಲೇತಿಗೆ ಸಿಕ್ಕಿಸಿ ಕೆಂಪು ಅರಗಿನ ಕಡ್ಡಿಯನ್ನು ಒತ್ತಿ ಹಿಡಿದ. ಅರಗು ಕರಗಿ ಗೆರೆಯೊಳಗೆ ಇಳಿಯಿತು. ಮೇಲೆ ನಿಂತ ಅರಗನ್ನು ಉಳಿಯಿಂದ ಸವರಿ, ಕೇದಗೆ ಗರಿ ಕೊಟ್ಟು, ಬೆರಳಲ್ಲಿ ಒಂದು ತೊಟ್ಟು ಹರಳೆಣ್ಣೆ ಬಳಿದು, ಕೊಳವೆಯ ಬಾಯಿಗೆ ದಿಂಡನ್ನು ಇಟ್ಟು ಒತ್ತಿದ. ಕಾಲು ಭಾಗ ಇಳಿಯಿತು. ಇನ್ನಷ್ಟು ಒತ್ತಿದ. ಅರ್ಧಕ್ಕೆ ಬರುವಷ್ಟರಲ್ಲಿ ಅವನ ಮುಂಗೈಯ ನರ ಎದ್ದು ನಿಂತಿತು. ಕೈ ಬಿಟ್ಟ. ದಿಂಡು ಒಂದೊಂದೇ ಕೆಂಪು ಬಳೆ ತೋರಿಸುತ್ತ ಮೇಲೆ ಬಂತು.

"ಲೇ," ಎಂದರು ಚಾಚಾ.

"ಒಳಗ್ಯಾರೋ ಕೂತ್ಕಂಡು ತಳ್ತಾವ್ರೆ ಕಣವ್ವ," ಎಂದು ಅಪ್ಪ ಮತ್ತೆ ಒತ್ತಿದ. ಮತ್ತೆ, ಮತ್ತೆ. ಚಾಚಾ ಕಿತ್ತುಕೊಂಡು ತಾವೂ ಒತ್ತಿದರು. ಆರು ವರ್ಷದ ಹಿಂದೆ ಕ್ಲಾಸಿನಲ್ಲಿ ಆಗಬೇಕಿದ್ದದ್ದು ಆಗ ಆಯಿತು.

"ಒಳಗಿರೋ ಗಾಳಿ ಅಷ್ಟೇ ಐತೆ. ಜಾಗ ಅರ್ಧ ಆದ್ರೆ ಅದು ತಳ್ಳೋದು ಎರಡರಷ್ಟು ಆಯ್ತದೆ," ಎಂದೆ. "ಈಗ ಅರ್ಧಕ್ಕಿಟ್ಟು ಹೊರಕ್ಕೆ ಎಳಿ ನೋಡನ."

ಅದಕ್ಕಾಗಿ ಚಾಚಾ ದಿಂಡನ್ನು ಹೊರತೆಗೆದು, ಗಾಳಿಗೆ ದಾರಿಯಾಗಲೆಂದು ಒಂದು ದಾರದ ಎಳೆಯನ್ನು ಪಕ್ಕದಲ್ಲಿ ಇಟ್ಟು ಅರ್ಧದವರೆಗೆ ಒತ್ತಿ, ದಾರವನ್ನು ಎಳೆದುಬಿಟ್ಟರು. ಇಂಥ ಉಪಾಯಗಳು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಪ್ಪ ಹಿಡಿಯನ್ನು ಹಿಡಿದು ಮೇಲಕ್ಕೆಳೆದ. ಈಗ ದಿಂಡು ಹಿಂದಕ್ಕೆಳೆಯಿತು. ಬಿಟ್ಟರೆ ಒಳಗೆ ಸರಿಯಿತು.

"ಮುಚ್ಳ ಕಚ್ಕತದಲ್ಲ, ಅದೇಯ ಇದು."

"ಹೂಂ, ಅದೇ. ಜಾಗ ಜಾಸ್ತಿ ಆಯ್ತು, ಒಳಗೆ ಒತ್ತಡ ಕಮ್ಮಿ ಆಯ್ತು. ಹೊರಗಿನ ಗಾಳಿ ಒಳಕ್ಕೆ ಬರೋಕೆ ನೋಡ್ತದೆ, ದಾರಿ ಇಲ್ಲ. ಅದಕ್ಕೆ ದಿಂಡನ್ನೇ ತಳ್ತದೆ."

"ಗೆರೆ ಇದ್ದಿದ್ರೆ ಗಾಳಿ ಗೆರೇಲಿ ನುಗ್ಗಿರೋದು."

"ನುಗ್ಗಿರೋದು."

ನಾನು ಅಪ್ಪನ ಕೈಯನ್ನು ತೆಗೆದು ಅವನ ಪಕ್ಕೆಗಳ ಕೆಳಗೆ, ಹೊಟ್ಟೆಯ ಮೇಲೆ ಇಟ್ಟೆ. "ನಿನ್ ಎದೇಲೂ ಒಂದು ದಿಂಡು ಐತಪ್ಪ, ಇಲ್ಲಿ. ಅದು ಕೆಳಕ್ಕೆ ಇಳಿದ್ರೆ ಎದೆ ಒಳಗೆ ಜಾಗ ಜಾಸ್ತಿ ಆಯ್ತದೆ." ಮುಂದಿನದನ್ನು ಹೇಗೆ ಹೇಳುವುದೆಂದು ನಾನು ಯೋಚಿಸುತ್ತಿದ್ದೆ. ಅಪ್ಪ ತಲೆಯೆತ್ತಿದ.

"ಹಂಗಾರೆ ನಮ್ ಬಾಯಿ ಮೂಗೇ ಗೆರೆ ಅನ್ನು."

ಹದಿನೈದು ವರ್ಷ ಪಾಠ ಮಾಡಿದವಳಿಗೆ ಇದು ಹೊಳೆದಿರಲಿಲ್ಲ. "ಹೂಂ ಅಪ್ಪ. ನೀನು ಗಾಳೀನ ಎಳ್ಕೊಳ್ಳೋದೇ ಬ್ಯಾಡ. ಒಳಗೆ ಜಾಗ ಮಾಡು ಸಾಕು, ಅದೇ ಬತ್ತದೆ. ಬಿಗಿ ಮುಚ್ಳ ತೆಗಿಯೋ ಹಂಗೆ, ನಿಧಾನಕ್ಕೆ."

ನಿಧಾನ ಎಂಬುದು ಅಪ್ಪನಿಗೆ ಗೊತ್ತಿರುವ ವಿಷಯ. ಜಗಲಿಗೆ ಬಂದು ಕೂತ. ಪೈಪನ್ನು ತುಟಿಗಿಟ್ಟುಕೊಂಡ. ಎಡಗೈ ಹೊಟ್ಟೆಯ ಮೇಲೆ. ಬಲಗೈಯ ಮೂರು ಬೆರಳು ಗಾಳಿಯಲ್ಲಿ ಕಾಣದ ಮುಚ್ಚಳವೊಂದನ್ನು ಹಿಡಿದು ಮೆಲ್ಲನೆ ಎತ್ತತೊಡಗಿದವು. ಹೊಟ್ಟೆ ಮುಂದೆ ಬಂತು. ಮೊದಲನೇ ಗೋಲಿ ನೆಗೆಯಲಿಲ್ಲ, ಎದ್ದಿತು. ಎದ್ದು ಮೇಲೆ ನಿಂತಿತು. ಅಪ್ಪನ ಕಣ್ಣು ಅದರ ಮೇಲೇ ಇತ್ತು. ಕೆಮ್ಮು ಬರಲಿಲ್ಲ. ಒಳಗಿನಿಂದ ಅವ್ವ ಬಂದು, "ಏಳ್ತಾ?" ಎಂದಳು. ಚಾಚಾ ಗೋಲಿಯ ಕಡೆ ಬೆರಳು ತೋರಿಸಿದರು.

ಉಳಿದ ಹತ್ತು ದಿನ ನಾನು ಬಾಗಿಲಲ್ಲಿ ನಿಂತು ಕೇಳಲಿಲ್ಲ. ಒಳಗೆ ಹೋಗಿ ಎದುರಿಗೆ ಕೂತೆ. ಮೂರನೆಯ ದಿನ ಎರಡನೇ ಗೋಲಿ ಅಲುಗಾಡಿತು, ಆರನೆಯ ದಿನ ಎದ್ದಿತು. ನಿಲ್ಲುತ್ತಿರಲಿಲ್ಲ. ನಡುವೆ ಒಂದು ದಿನ ಮತ್ತೆ ನೋವು ಬಂದು ಏನೂ ಮಾಡಲಾಗಲಿಲ್ಲ, ಅವತ್ತು ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದ್ದ. ಮಾರನೆಯ ದಿನ ನಾನು ಹೋಗುವಷ್ಟರಲ್ಲಿ ಅವನೇ ಜಗಲಿಯಲ್ಲಿ ಕೂತು ಮೂರು ಬೆರಳಲ್ಲಿ ಮುಚ್ಚಳ ಎತ್ತುತ್ತಿದ್ದ. ಬುಟ್ಬುಡವ್ವ ಎಂಬ ಮಾತು ಆಮೇಲೆ ಅವನ ಬಾಯಲ್ಲಿ ಬರಲಿಲ್ಲ.

ಹದಿನೈದನೆಯ ದಿನ ಡಾಕ್ಟರಮ್ಮನ ಮುಂದೆ ಎರಡನೇ ಗೋಲಿ ಎದ್ದು ನಿಂತಿತು. ಅವರು ಮನಸ್ಸಿನಲ್ಲೇ ಎಣಿಸಿದರು, ನಾನೂ ಎಣಿಸಿದೆ. ಮೂರನೆಯದು ಕೂಡ ಒಂದು ಸಲ ನಡುಗಿ ಕೂತಿತು. ಅವರು ಅಪ್ಪನ ಬೆನ್ನು ತಟ್ಟಿ, "ಯಜಮಾನ್ರೇ, ಬಹಳ ಜನ ಎಳ್ಕೊಳ್ಳೋ ಬದಲು ಊದಿ ಬರ್ತಾರೆ. ನಿಮಗೆ ಯಾರು ಹೇಳಿಕೊಟ್ಟರು?" ಎಂದು ಕೇಳಿದರು.

"ನನ್ ಮಗ್ಳು," ಎಂದ ಅಪ್ಪ. "ಗಾಳಿ ಪಾಠ ಮಾಡ್ತಾಳೆ, ಕಾಲೇಜಲ್ಲಿ."

ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಆರು ವರ್ಷದ ಮೇಲೆ ಅವನ ಬಾಯಲ್ಲಿ ನನ್ನ ಕಾಲೇಜಿನ ಸುದ್ದಿ ಬಂದಿತ್ತು.

ಆಪರೇಷನ್ನಿನ ದಿನ ಬೆಳಗ್ಗೆ ಅಪ್ಪನನ್ನು ಒಳಗೆ ಕರೆದುಕೊಂಡು ಹೋದ ಮೇಲೆ ನಾನೂ ಚಾಚಾನೂ ಹೊರಗಿನ ಸ್ಟೀಲ್ ಕುರ್ಚಿಯಲ್ಲಿ ಕೂತೆವು. ಅವ್ವ ಮನೆಯಲ್ಲೇ ಇರುತ್ತೇನೆ ಎಂದಿದ್ದಳು. ಒಳಗೆ ಒಂದು ಪರದೆಯ ಮೇಲೆ ಅಪ್ಪನ ಹೊಟ್ಟೆಯೊಳಗಿನ ಗ್ಯಾಸಿನ ಒತ್ತಡ ಅಂಕೆಯಾಗಿ ಕಾಣುತ್ತಿರುತ್ತದೆ ಎಂದು ನನಗೆ ಗೊತ್ತಿತ್ತು. ಅಂಕೆ ಏರಿದರೆ ಎದೆಗೆ ಜಾಗ ಕಡಿಮೆ ಎಂದೂ ಗೊತ್ತಿತ್ತು. ತಿಳಿದವರಿಗೆ ಹೆದರಿಕೆ ಕಡಿಮೆ ಎನ್ನುವವರು ಅಂಥ ಕುರ್ಚಿಯಲ್ಲಿ ಕೂತಿರಲಿಕ್ಕಿಲ್ಲ. ನನಗೆ ತುಂಬ ಹೆದರಿಕೆಯಾಯಿತು. ಚಾಚಾ ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟರು, ಕುಡಿ ಎನ್ನಲೂ ಇಲ್ಲ, ಕುಡಿದೆನೋ ಎಂದು ನೋಡಲೂ ಇಲ್ಲ. ಸರ್ಜನ್ ಹೊರಗೆ ಬಂದು ಎಲ್ಲ ಸರಿಯಾಯಿತು ಎಂದು ಸಣ್ಣ ಬಾಟಲಿಯಲ್ಲಿ ಕಲ್ಲುಗಳನ್ನು ತೋರಿಸಿದರು. ತೊಗರಿಕಾಳಿನಷ್ಟು ಒಂಬತ್ತು ಕಲ್ಲು. ಎರಡು ವರ್ಷದ ನಿಂಬೆ ಸೋಡಾ ಅವನ್ನು ಏನೂ ಮಾಡಿರಲಿಲ್ಲ.

ಮಾರನೆಯ ದಿನ ಅಪ್ಪ ವಾರ್ಡಿನಲ್ಲಿ ದಿಂಬಿಗೊರಗಿ ಕೂತಿದ್ದ. ಹೊಟ್ಟೆಗಿಂತ ಬಲಭುಜ ನೋಯುತ್ತದೆ ಎಂದ. ಹೊಟ್ಟೆ ಕೊರೆದರೆ ಭುಜ ಯಾಕೆ ನೋಯಬೇಕು ಎಂದು ಅವನಿಗೆ ಅನುಮಾನ. ರೌಂಡಿಗೆ ಬಂದ ಡಾಕ್ಟರಮ್ಮ ನಕ್ಕು, ಒಳಗೆ ತುಂಬಿದ ಗ್ಯಾಸ್ ಸ್ವಲ್ಪ ಉಳಿದಿರುತ್ತದೆ, ಅದರ ನೋವು ಭುಜದಲ್ಲಿ ಕಾಣಿಸುತ್ತದೆ, ಎರಡು ದಿನಕ್ಕೆ ಹೋಗುತ್ತದೆ ಎಂದು ಹೇಳಿ ಮುಂದಿನ ಮಂಚಕ್ಕೆ ಹೋದರು. ಅಪ್ಪ ಅವರು ದೂರ ಹೋಗುವವರೆಗೆ ಕಾದ.

"ಎಲ್ಲಾ ಚೆನ್ನಾಗೇ ಮಾಡವ್ರೆ ಕಣವ್ವ," ಎಂದ ಗುಟ್ಟಿನಲ್ಲಿ. "ಗೆರೆ ಎಳಿಯೋದೊಂದು ಮರ್ತವ್ರೆ."

ನಾನು ನಕ್ಕೆ. ನಗುತ್ತ ನಗುತ್ತ ಅಳು ಬಂತು. ಅಪ್ಪನಿಗೂ ನಗು ಬಂದು, ಹೊಲಿಗೆ ನೋವಾಗಿ, ಹೊಟ್ಟೆ ಹಿಡಿದುಕೊಂಡು, "ನಗ್ಸಬ್ಯಾಡ" ಎಂದ, ತಾನೇ ನಗಿಸಿ. ಕಣ್ಣೊರೆಸಿಕೊಂಡ ಮೇಲೆ ನನಗೆ ಧೈರ್ಯ ಬಂತು.

"ಅಪ್ಪ, ಅವತ್ತು ನಿಂಗೆ ಗೊತ್ತಾಗಲ್ಲ ಅಂದ್ಬುಟ್ಟಿದ್ನಲ್ಲ."

ಯಾವತ್ತು ಎಂದು ಅವನು ಕೇಳಲಿಲ್ಲ. "ನಿಜ್ವಾಗ್ಲೂ ಗೊತ್ತಿರ್ನಿಲ್ಲ ಬುಡವ್ವ. ಈಗ ಗೊತ್ತಾಯ್ತಲ್ಲ," ಎಂದು ಕೈ ಚಾಚಿದ. "ಅದ್ನ ಕೊಡು ಇತ್ತಗೆ. ನರ್ಸಮ್ಮ ಬಂದ್ರೆ ಬೈತಾಳೆ."

ಗೋಲಿಯ ಡಬ್ಬವನ್ನು ಕೊಟ್ಟೆ. ಅಪ್ಪ ಪೈಪನ್ನು ತುಟಿಗಿಟ್ಟು, ಮೂರು ಬೆರಳು ಜೋಡಿಸಿ, ಮುಚ್ಚಳ ಎತ್ತತೊಡಗಿದ. ಹೊಲಿಗೆಯ ನೋವಿಗೆ ಹುಬ್ಬು ಗಂಟಾಯಿತು, ಬೆರಳು ಮಾತ್ರ ಅವಸರ ಮಾಡಲಿಲ್ಲ. ಅವತ್ತು ಎದ್ದದ್ದು ಒಂದೇ ಗೋಲಿ. ಅದು ಮೇಲೆ ನಿಂತಿರುವಷ್ಟು ಹೊತ್ತೂ, ಉಳಿ ಹಿಡಿದವಳ ಹಾಗೆ, ನಾನು ಉಸಿರು ಬಿಡಲಿಲ್ಲ.